ಸಾಫ್ಟ್‌ವೇರ್ ಪೇಟೆಂಟಿಗೆ ತಕರಾರು ಸಲ್ಲಿಸುವುದು ಹೇಗೆ: ಅಡಿಕೆ ಮಂಡಿಯಲ್ಲಿ ಕಲಿತದ್ದು

ಶಿವಮೊಗ್ಗದಲ್ಲಿ ನಮ್ಮದು ಐದು ಜನರ ಸಾಫ್ಟ್‌ವೇರ್ ಅಂಗಡಿ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾವು. ಹಾಗಾಗಿ ನಾವೂ ನಮ್ಮದನ್ನು ಅಂಗಡಿ ಎಂದೇ ಕರೆಯುತ್ತೇವೆ. ಅಡಿಕೆ ಮಂಡಿಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವುದು ಕಸುಬು. 2020ರ ಬೇಸಿಗೆಯಲ್ಲಿ, ಮಂಡಿಗಳೆಲ್ಲ ಬಾಗಿಲು ಹಾಕಿದ್ದಾಗ, ಹಳೆಯ ಸ್ನೇಹಿತನೊಬ್ಬ ಒಂದು ಪೇಟೆಂಟ್ ಅರ್ಜಿಯ ಪ್ರತಿ ಕಳಿಸಿದ. ದೊಡ್ಡ ಕಂಪನಿಯೊಂದರ ಅರ್ಜಿ ಅದು. ನೆಟ್‌ವರ್ಕ್ ಇಲ್ಲದಾಗ ವಹಿವಾಟನ್ನು ಯಂತ್ರದಲ್ಲೇ ಬರೆದಿಟ್ಟುಕೊಂಡು, ನೆಟ್‌ವರ್ಕ್ ಬಂದಾಗ ಸರ್ವರಿಗೆ ಸೇರಿಸಿ, ರೈತನಿಗೆ ಎಸ್‌ಎಂಎಸ್ ಕಳಿಸುವ ‘ವಿಧಾನ’ ತಮ್ಮದೆಂದು ಅವರು ಕೇಳಿದ್ದರು. ಸಾಗರದ ಮಂಡಿಯೊಂದರಲ್ಲಿ 2013ರ ಮಳೆಗಾಲದಿಂದ ನಾವು ಮಾಡುತ್ತಿದ್ದದ್ದು ಇದನ್ನೇ. ಮಲೆನಾಡಿನ ಜುಲೈ ತಿಂಗಳಲ್ಲಿ ನೆಟ್‌ವರ್ಕ್ ನಂಬಿ ಲೆಕ್ಕ ಬರೆಯಲು ಕೂತರೆ ಅಡಿಕೆ ಒಣಗುವ ಮೊದಲು ನಾವು ಒಣಗುತ್ತೇವೆ.

ಸಿಟ್ಟಿನಲ್ಲಿ ಮೂರು ಪುಟ ಬರೆದೆ. ತಂತ್ರಾಂಶಕ್ಕೆ ಪೇಟೆಂಟ್ ಕೊಡುವುದೇ ಅನ್ಯಾಯ, ಸಣ್ಣವರನ್ನು ತುಳಿಯುವ ಹುನ್ನಾರ, ಇತ್ಯಾದಿ. ಪರಿಚಯದ ಪೇಟೆಂಟ್ ಏಜೆಂಟರೊಬ್ಬರಿಗೆ ತೋರಿಸಿದೆ. ಅವರು ಪೆನ್ಸಿಲ್ ಹಿಡಿದು ಒಂದೊಂದೇ ಪ್ಯಾರಾ ಹೊಡೆದುಹಾಕುತ್ತ ಹೋದರು. ಕೊನೆಗೆ ಉಳಿದದ್ದು ಒಂದೇ ವಾಕ್ಯ: ‘2013ರ ಜುಲೈನಲ್ಲಿ ಈ ತಂತ್ರಾಂಶವನ್ನು ಸಾಗರದ ಮಂಡಿಯಲ್ಲಿ ಅಳವಡಿಸಲಾಗಿದೆ.’ “ಇದಕ್ಕೆ ಕಾಗದ ಇದೆಯೇ?” ಎಂದು ಕೇಳಿದರು. ಆಮೇಲಿನ ಎರಡು ವರ್ಷ ನಾನು ಮಾಡಿದ್ದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವುದೇ. ನಿಮಗೂ ಇಂಥದೊಂದು ಅರ್ಜಿ ಕಣ್ಣಿಗೆ ಬಿದ್ದಿದ್ದರೆ ಏನು ಮಾಡಬೇಕೆಂದು ಇಲ್ಲಿ ಹೇಳುತ್ತೇನೆ. ನಾನು ವಕೀಲನಲ್ಲ, ಸಲ್ಲಿಸುವ ಮೊದಲು ಬಲ್ಲವರಿಗೆ ಒಮ್ಮೆ ತೋರಿಸಿ.

ಯಾವ ಬಾಗಿಲು

ಭಾರತದಲ್ಲಿ ಪೇಟೆಂಟನ್ನು ಪ್ರಶ್ನಿಸಲು ಕೋರ್ಟಿಗೇ ಹೋಗಬೇಕಾಗಿಲ್ಲ. 1970ರ ಪೇಟೆಂಟ್ ಕಾಯ್ದೆಯ 25ನೇ ಕಲಮು ಪೇಟೆಂಟ್ ಕಚೇರಿಯಲ್ಲೇ ಎರಡು ದಾರಿ ಇಟ್ಟಿದೆ. ಪೇಟೆಂಟ್ ಇನ್ನೂ ಮಂಜೂರಾಗಿಲ್ಲದಿದ್ದರೆ 25(1): ಅರ್ಜಿ ಪ್ರಕಟವಾದ ಮೇಲೆ, ಮಂಜೂರಾಗುವ ಮೊದಲು, ‘ಯಾವುದೇ ವ್ಯಕ್ತಿ’ ಬರಹದಲ್ಲಿ ತಕರಾರು ಸಲ್ಲಿಸಬಹುದು. ನಿಮಗೇನು ಸಂಬಂಧ ಎಂದು ಯಾರೂ ಕೇಳುವಂತಿಲ್ಲ. ಮಂಜೂರಾಗಿಬಿಟ್ಟಿದ್ದರೆ 25(2): ಮಂಜೂರಾತಿ ಪ್ರಕಟವಾದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು, ಸಲ್ಲಿಸುವವರು ‘ಹಿತಾಸಕ್ತಿ ಇರುವ ವ್ಯಕ್ತಿ’ ಆಗಿರಬೇಕು. ಅದೇ ವ್ಯಾಪಾರದಲ್ಲಿರುವವರಿಗೆ, ಅದೇ ಕ್ಷೇತ್ರದಲ್ಲಿ ಸಂಶೋಧನೆ ನಡೆಸುವವರಿಗೆ ಇದು ಕಷ್ಟವಲ್ಲ. ಆ ಹಂತದಲ್ಲಿ ಮೂವರು ಸದಸ್ಯರ ತಕರಾರು ಮಂಡಳಿ ಕೂರುತ್ತದೆ, ಕಾಗದಪತ್ರವೂ ಹೆಚ್ಚು. ಒಂದು ವರ್ಷವೂ ದಾಟಿದ್ದರೆ ಹೈಕೋರ್ಟಿನಲ್ಲಿ 64ನೇ ಕಲಮಿನಡಿ ರದ್ದತಿ ಕೇಳಬೇಕು. ಅದರ ಖರ್ಚೇ ಬೇರೆ, ಇಲ್ಲಿ ಆ ಮಾತು ಬೇಡ.

ಸಣ್ಣವರಿಗೆ ಹೊಂದುವುದು ಮೊದಲ ದಾರಿಯೇ. ಅದರಲ್ಲಿ ಒಂದು ಕುಂದಿದೆ: ಅಲ್ಲಿ ಸೋತರೆ ತಕರಾರುದಾರನಿಗೆ ಮೇಲ್ಮನವಿ ಇಲ್ಲ. ಅರ್ಜಿ ತಿರಸ್ಕೃತವಾದರೆ ಅರ್ಜಿದಾರ ಹೈಕೋರ್ಟಿಗೆ ಹೋಗಬಹುದು, ನೀವು ಹೋಗುವಂತಿಲ್ಲ. ಹಿತಾಸಕ್ತಿ ಇರುವವರು ಮಂಜೂರಾತಿಯ ನಂತರದ ತಕರಾರಿನ ದಾರಿ ಹಿಡಿಯಲಿ, ರಿಟ್ ಅರ್ಜಿ ಬೇಡ ಎಂದು ದೆಹಲಿ ಹೈಕೋರ್ಟ್ 2010ರ ಯುಸಿಬಿ ಫಾರ್ಕಿಮ್ ಪ್ರಕರಣದಲ್ಲಿ ಹೇಳಿದೆ. ಅಂದರೆ ಮೊದಲ ಸುತ್ತಿನಲ್ಲಿ ಸೋತರೂ ಎರಡನೆಯ ಸುತ್ತು ಉಳಿದಿರುತ್ತದೆ.

ಅಮೆರಿಕದಲ್ಲಿರುವ ನಮ್ಮವರು ‘ಇಂಟರ್ ಪಾರ್ಟಿಸ್ ರಿವ್ಯೂ’ ಎನ್ನುತ್ತಾರಲ್ಲ, ಅದೂ ಇದರ ದಾಯಾದಿಯೇ, 2012ರ ಸೆಪ್ಟೆಂಬರ್‌ನಿಂದ ನಡೆಯುತ್ತಿದೆ. ಪಾಡ್‌ಕಾಸ್ಟ್ ತಮ್ಮದೆಂದು ಹೊರಟಿದ್ದ ಪರ್ಸನಲ್ ಆಡಿಯೋ ಕಂಪನಿಯ ಪೇಟೆಂಟಿನ ಕ್ಲೇಮುಗಳನ್ನು (‘ಇಷ್ಟು ನಮ್ಮದು’ ಎಂದು ಹಕ್ಕು ಹೇಳುವ ವಾಕ್ಯಗಳನ್ನು) ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2015ರಲ್ಲಿ ಬೀಳಿಸಿದ್ದು ಆ ದಾರಿಯಲ್ಲೇ. ಆದರೆ ಅಲ್ಲಿ ಹಳೆಯ ಪೇಟೆಂಟು, ಹಳೆಯ ಮುದ್ರಿತ ಪ್ರಕಟಣೆಗಳನ್ನು ಮಾತ್ರ ಮುಂದಿಡಬಹುದು. ‘ಇದು ಪೇಟೆಂಟಿಗೆ ಅರ್ಹವಾದ ವಿಷಯವೇ ಅಲ್ಲ’ ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ. ನಮ್ಮಲ್ಲಿ ಅದಕ್ಕೂ ಜಾಗವಿದೆ. ಅಲ್ಲಿನ ಕೈಪಿಡಿ ಓದಿಕೊಂಡು ಇಲ್ಲಿ ಅರ್ಜಿ ಬರೆಯುವವರು ಈ ಅನುಕೂಲವನ್ನೇ ಮರೆಯುತ್ತಾರೆ.

ಅರ್ಜಿಯ ಕಡತ

ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಹುಡುಕು ತಾಣದಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಕಡತವೆಲ್ಲ ಸಿಗುತ್ತದೆ. ಸಂಖ್ಯೆ ಹನ್ನೆರಡು ಅಂಕಿಯದ್ದು. ಮೊದಲ ನಾಲ್ಕು ವರ್ಷ. ಐದನೆಯದು ಕಚೇರಿ: 1 ದೆಹಲಿ, 2 ಮುಂಬೈ, 3 ಕೋಲ್ಕತ್ತ, 4 ಚೆನ್ನೈ. ಕರ್ನಾಟಕದವರು ಅರ್ಜಿ ಹಾಕುವುದು ಚೆನ್ನೈಗೆ. ಆದರೆ ತಕರಾರು ಹೋಗಬೇಕಾದದ್ದು ನಿಮ್ಮ ಊರಿನ ಕಚೇರಿಗಲ್ಲ, ಆ ಅರ್ಜಿ ಇರುವ ಕಚೇರಿಗೆ. ಐದನೆಯ ಅಂಕಿಯನ್ನು ಎರಡು ಸಲ ನೋಡಿ.

ಕಡತದಲ್ಲಿ ಮೊದಲು ನೋಡಬೇಕಾದದ್ದು ಆದ್ಯತಾ ದಿನಾಂಕ, ಅಂದರೆ ಆ ಆವಿಷ್ಕಾರಕ್ಕೆ ಮೊದಲ ಅರ್ಜಿ ಬಿದ್ದ ದಿನ. ಕಂಪನಿ ಮೊದಲು ಬೇರೆ ದೇಶದಲ್ಲಿ ಅರ್ಜಿ ಹಾಕಿದ್ದರೆ ಸಾಮಾನ್ಯವಾಗಿ ಆ ದಿನವೇ ಲೆಕ್ಕ. ನಿಮ್ಮ ಪುರಾವೆ ಅದಕ್ಕಿಂತ ಒಂದು ದಿನವಾದರೂ ಹಳೆಯದಿರಬೇಕು. ನಮ್ಮ ಎದುರಾಳಿಯ ದಿನಾಂಕ 2018ರ ಫೆಬ್ರವರಿ. ಎರಡನೆಯದಾಗಿ ಮೊದಲ ಪರೀಕ್ಷಾ ವರದಿ ಬಂದಿದೆಯೇ ನೋಡಿ. ಬಂದಿದ್ದರೆ ಅದನ್ನು ಕೂತು ಓದಿ; ಪರೀಕ್ಷಕರು ಈಗಾಗಲೇ ಯಾವ ಆಕ್ಷೇಪ ಎತ್ತಿದ್ದಾರೆ, ಅರ್ಜಿದಾರ ಹೇಗೆ ಜಾರಿಕೊಂಡಿದ್ದಾನೆ ಎಂಬುದು ಅಲ್ಲೇ ಇರುತ್ತದೆ.

ಸಮಯದ ವಿಚಾರದಲ್ಲಿ ಮೈಮರೆಯಬೇಡಿ. ಅರ್ಜಿ ಸಾಮಾನ್ಯವಾಗಿ ಆದ್ಯತಾ ದಿನಾಂಕದಿಂದ 18 ತಿಂಗಳಿಗೆ ಪ್ರಕಟವಾಗುತ್ತದೆ. ಪ್ರಕಟವಾದ ಆರು ತಿಂಗಳು ಪೇಟೆಂಟ್ ಕೊಡುವಂತಿಲ್ಲ. ಆ ಆರು ತಿಂಗಳು ಮಾತ್ರ ನಿಮಗೆ ಖಾತ್ರಿ. ಆಮೇಲೆ ಯಾವ ದಿನ ಬೇಕಾದರೂ ಮಂಜೂರಾಗಬಹುದು, ನಿಮಗೆ ಮುನ್ಸೂಚನೆ ಬರುವುದಿಲ್ಲ. ಕಂಟ್ರೋಲರ್ (ಅರ್ಜಿಯನ್ನು ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿ) ಕಡತದ ಮೇಲೆ ಆದೇಶ ಮಾಡಿದ ದಿನವೇ ಮಂಜೂರಾತಿಯ ದಿನ, ಪ್ರಮಾಣಪತ್ರ ಬಂದ ದಿನವಲ್ಲ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಸೋಮವಾರ ಸಲ್ಲಿಸೋಣ ಎಂದು ಶನಿವಾರ ಮಲಗಿದರೆ ಬಾಗಿಲು ಮುಚ್ಚಿರಬಹುದು.

ಕ್ಲೇಮು ಬಿಡಿಸುವ ಕೆಲಸ

ಇಲ್ಲಿಯೇ ಹೆಚ್ಚು ಹೊತ್ತು ಕಳೆಯಿರಿ. ಪೇಟೆಂಟ್ ಅರ್ಜಿಯಲ್ಲಿ ನಲವತ್ತು ಪುಟ ವಿವರಣೆ, ಚಿತ್ರ ಎಲ್ಲ ಇರುತ್ತವೆ. ಕಾನೂನಿನ ಬೇಲಿ ಇರುವುದು ಕೊನೆಯ ಕ್ಲೇಮುಗಳಲ್ಲಿ. ಸಾರಾಂಶ ಓದಿ ಹೌಹಾರಬೇಡಿ. ಮೊದಲ ಕ್ಲೇಮನ್ನು ಎತ್ತಿಕೊಂಡು ಅರ್ಧವಿರಾಮ ಇದ್ದಲ್ಲೆಲ್ಲ ಕತ್ತರಿಸಿ. ನಮ್ಮ ಎದುರಾಳಿಯದನ್ನು ಕತ್ತರಿಸಿದಾಗ ನಾಲ್ಕು ತುಂಡು ಸಿಕ್ಕವು. ಒಂದು, ನೆಟ್‌ವರ್ಕ್ ಇಲ್ಲದಾಗ ವಹಿವಾಟಿನ ದಾಖಲೆಯನ್ನು ಯಂತ್ರದಲ್ಲೇ ಇಡುವುದು. ಎರಡು, ಪ್ರತಿ ದಾಖಲೆಗೆ ಸಮಯ ಮತ್ತು ಯಂತ್ರದ ಗುರುತು ಹಚ್ಚುವುದು. ಮೂರು, ನೆಟ್‌ವರ್ಕ್ ಬಂದಾಗ ಸರ್ವರಿಗೆ ಕಳಿಸಿ, ಎರಡು ದಾಖಲೆಗಳ ನಡುವೆ ತಿಕ್ಕಾಟ ಬಂದರೆ ಸಮಯ ನೋಡಿ ತಾನಾಗಿಯೇ ಬಗೆಹರಿಸುವುದು. ನಾಲ್ಕು, ರೈತನಿಗೆ ಎಸ್‌ಎಂಎಸ್.

ಒಂದು ಹಾಳೆಯಲ್ಲಿ ಎಡಗಡೆ ಈ ನಾಲ್ಕು ತುಂಡು, ಬಲಗಡೆ ನಮ್ಮ 2013ರ ತಂತ್ರಾಂಶ. ಒಂದನೆಯದು ಇತ್ತು. ಎರಡನೆಯದು ಇತ್ತು, ನಾವು ಯಂತ್ರದ ಗುರುತು ಎನ್ನದೆ ‘ಕೌಂಟರ್ ನಂಬರ್’ ಎಂದಿದ್ದೆವು ಅಷ್ಟೆ. ನಾಲ್ಕನೆಯದು ಇತ್ತು. ಮೂರನೆಯದು ಪೂರ್ತಿ ಇರಲಿಲ್ಲ. ತಿಕ್ಕಾಟ ಬಂದರೆ ನಮ್ಮ ತಂತ್ರಾಂಶ ಎರಡೂ ದಾಖಲೆಗಳನ್ನು ಗುಮಾಸ್ತರ ಮುಂದಿಟ್ಟು ‘ಯಾವುದು ಸರಿ?’ ಎಂದು ಕೇಳುತ್ತಿತ್ತು. ತಾನಾಗಿ ಬಗೆಹರಿಸುತ್ತಿರಲಿಲ್ಲ.

ಈ ಜಾಗದಲ್ಲಿ ಸ್ವಲ್ಪ ಸುಳ್ಳು ಹೇಳಿಬಿಡೋಣ ಎನ್ನಿಸುತ್ತದೆ. ನನಗೂ ಅನ್ನಿಸಿತು. ಹೇಳಿದ್ದರೆ ವಿಚಾರಣೆಯಲ್ಲಿ ಎದುರು ವಕೀಲರು ಆ ಒಂದು ಎಳೆ ಹಿಡಿದು ಇಡೀ ಬಟ್ಟೆ ಬಿಚ್ಚುತ್ತಿದ್ದರು. ಕಾನೂನಿನ ಲೆಕ್ಕ ಹೀಗಿದೆ: ‘ಇದು ಹೊಸದಲ್ಲ’ ಎನ್ನಬೇಕಾದರೆ ನಾಲ್ಕೂ ತುಂಡುಗಳು ಒಂದೇ ಹಳೆಯ ಪುರಾವೆಯಲ್ಲಿ ಸಿಗಬೇಕು. ‘ಕಸುಬು ಬಲ್ಲವನಿಗೆ ಇದು ಸಹಜವಾಗಿ ಹೊಳೆಯುತ್ತಿತ್ತು’ ಎನ್ನುವುದಾದರೆ ಎರಡು ಮೂರು ಪುರಾವೆಗಳನ್ನು ಜೋಡಿಸಬಹುದು, ಆದರೆ ಅವನು ಅವನ್ನು ಏಕೆ ಜೋಡಿಸುತ್ತಿದ್ದ ಎಂದು ಕಾರಣ ಕೊಡಬೇಕು. ನಮ್ಮದು ಎರಡನೆಯ ದಾರಿಯಾಯಿತು. ಕಲಮಿನ ಭಾಷೆಯಲ್ಲಿ 25(1)(ಇ).

ಮೂರನೆಯ ತುಂಡಿಗೆ ಪುರಾವೆ ಸಿಕ್ಕಿದ್ದು ನಾನು ಹುಟ್ಟುವುದಕ್ಕೂ ಮೊದಲಿನ ಕಾಗದದಲ್ಲಿ. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಕಾಲದ ಆರ್‌ಎಫ್‌ಸಿ 677 (ಆರ್‌ಎಫ್‌ಸಿ ಎಂದರೆ ಜಾಲ ಕಟ್ಟುವವರು ಬಹಿರಂಗವಾಗಿ ಹಂಚಿಕೊಳ್ಳುವ ತಾಂತ್ರಿಕ ಟಿಪ್ಪಣಿ), 1975ರ ಜನವರಿಯದು, ಬೇರೆ ಬೇರೆ ಯಂತ್ರಗಳಲ್ಲಿರುವ ಒಂದೇ ದತ್ತಾಂಶದ ಪ್ರತಿಗಳನ್ನು ಹೊಂದಿಸಿಡುವ ಬಗೆಗಿನದು. ಪ್ರತಿ ಬದಲಾವಣೆಗೂ ಸಮಯ ಮತ್ತು ಯಂತ್ರದ ಗುರುತಿನ ಜೋಡಿ ಹಚ್ಚಿ, ಹೊಸ ಸಮಯದ್ದನ್ನು ಉಳಿಸಿಕೊಳ್ಳಿ, ಸಮಯ ಒಂದೇ ಆಗಿದ್ದರೆ ಯಂತ್ರದ ಗುರುತು ನೋಡಿ ತೀರ್ಮಾನಿಸಿ ಎನ್ನುತ್ತದೆ ಅದು. ಎರಡನೆಯ ತುಂಡೂ ಮೂರನೆಯ ತುಂಡೂ ಅಲ್ಲೇ ಕೂತಿದ್ದವು. ಜೊತೆಗೆ, ಸಂಪರ್ಕ ಕಡಿದಾಗಲೂ ಕೆಲಸ ನಡೆಸುವ ವ್ಯವಸ್ಥೆಗೆ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಕೋಡಾ ಕಡತ ವ್ಯವಸ್ಥೆಯ 1990ರ ದಶಕದ ಪ್ರಬಂಧ ಸಿಕ್ಕಿತು. ಹಾಗಾಗಿ ಹುಡುಕುವಾಗ ಪೇಟೆಂಟುಗಳಲ್ಲೇ ಮುಳುಗಬೇಡಿ. ತಂತ್ರಾಂಶದ ಹಳೆಯ ಜ್ಞಾನ ಆರ್‌ಎಫ್‌ಸಿಗಳಲ್ಲಿ, ಸಮ್ಮೇಳನದ ಪ್ರಬಂಧಗಳಲ್ಲಿ, ಮುಕ್ತ ತಂತ್ರಾಂಶಗಳ ಕೈಪಿಡಿಗಳಲ್ಲಿ, ಮೇಲಿಂಗ್ ಪಟ್ಟಿಗಳ ಸಂಗ್ರಹದಲ್ಲಿ ಬಿದ್ದಿರುತ್ತದೆ. ಕಂಪನಿಗಳು ಹೊಸ ಪದ ಕಟ್ಟುತ್ತವೆ. ನೀವು ಹಳೆಯ ಪದದಲ್ಲಿ ಹುಡುಕಬೇಕು. ‘ಆಫ್‌ಲೈನ್ ಸಿಂಕ್’ ಎಂದು ಹುಡುಕಿದಷ್ಟು ಕಾಲ ನನಗೇನೂ ಸಿಗಲಿಲ್ಲ.

ದಿನಾಂಕವಿರುವ ಕಾಗದ

ತಂತ್ರಾಂಶದ ಪ್ರತಿ ಬದಲಾವಣೆಯನ್ನೂ (ಕಮಿಟ್) ದಿನಾಂಕದ ಸಮೇತ ಬರೆದಿಡುವ ನಮ್ಮ ಗಿಟ್ ದಾಖಲೆ ತೋರಿಸಿದರೆ ಸಾಕೆಂದುಕೊಂಡಿದ್ದೆ. ಗಿಟ್‌ನಲ್ಲಿ ಕಮಿಟ್ ದಿನಾಂಕವನ್ನು ಬರೆಯುವವನೇ ಬದಲಿಸಬಹುದು ಎಂದು ನನಗೂ ಗೊತ್ತು, ಎದುರಾಳಿಗೂ ಗೊತ್ತು. ಅದೊಂದೇ ನಿಲ್ಲುವುದಿಲ್ಲ. ಮೂರನೆಯವರ ಕೈಯಲ್ಲಿರುವ ದಿನಾಂಕ ಬೇಕು: ಹಳೆಯ ವೆಬ್ ಪುಟಗಳನ್ನು ಕಾದಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿದ ಪುಟ, ಗ್ರಾಹಕರಿಗೆ ಹೋದ ಇಮೇಲ್, ಅವರ ಬಳಿ ಇರುವ ಬಿಲ್ಲು.

ಸಾಗರಕ್ಕೆ ಹೋದೆ. ಮಂಡಿಯ ಹಿರಿಯ ಗುಮಾಸ್ತರು ನನ್ನ ಕಥೆ ಕೇಳಿ, “ಹಳೆಯ ಪಟ್ಟಿ ಯಾವುದನ್ನೂ ಬಿಸಾಡಿಲ್ಲ ತಮ್ಮಾ, ಇಲಿ ತಿಂದದ್ದು ಬಿಟ್ಟು ಉಳಿದದ್ದೆಲ್ಲ ಅಟ್ಟದಲ್ಲಿದೆ” ಎಂದರು. ಪಟ್ಟಿ ಎಂದರೆ ಮಂಡಿಯ ಮಾರಾಟದ ಲೆಕ್ಕದ ಚೀಟಿ. ಥರ್ಮಲ್ ಕಾಗದದ ರಸೀದಿಗಳು ಪೂರ್ತಿ ಬಿಳಿಯಾಗಿದ್ದವು. ಏಳು ವರ್ಷದಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಾರ್ಬನ್ ಪ್ರತಿಗಳು ಮಾತ್ರ ಗಟ್ಟಿಯಾಗಿ ಕೂತಿದ್ದವು. ‘ರಾಶಿ, 3 ಚೀಲ’, ತೂಕ, ದರ, ಕಮಿಷನ್, ಕೊನೆಯ ಸಾಲಿನಲ್ಲಿ ಸಣ್ಣದಾಗಿ ‘ಕೌಂ. 2, ಆಫ್‌ಲೈನ್’, ಪಕ್ಕದಲ್ಲಿ ದಿನಾಂಕ, ಗಂಟೆ, ನಿಮಿಷ. ದೋಷ ಹುಡುಕಲೆಂದು ಆ ಸಾಲನ್ನು ಹಾಕಿದ್ದವನು ನಾನೇ; ತೆಗೆಯುವುದು ಮರೆತುಹೋಗಿತ್ತು. ಆ ಮರೆವೇ ನಮ್ಮನ್ನು ಕಾಪಾಡಿತು.

ಆದರೆ ಪಟ್ಟಿ ತೋರಿಸುವುದು ಫಲವನ್ನು, ಒಳಗಿನ ವಿಧಾನವನ್ನಲ್ಲ. ತಂತ್ರಾಂಶವನ್ನು ಹತ್ತು ಜನ ಬಳಸಿದರೂ ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಹೊರಗಿನವರಿಗೆ ಗೊತ್ತಿರಲಿಲ್ಲ ಎಂದು ಅರ್ಜಿದಾರ ವಾದಿಸುತ್ತಾನೆ. ಅದಕ್ಕೆ ಉತ್ತರವಾಗಿ ಸಿಕ್ಕಿದ್ದು ನಾವೇ ಬರೆದಿದ್ದ ಹದಿನೆಂಟು ಪುಟದ ಕನ್ನಡ ಕೈಪಿಡಿ. ನೆಟ್‌ವರ್ಕ್ ಹೋದಾಗ ದಾಖಲೆ ಎಲ್ಲಿ ಕೂರುತ್ತದೆ, ಬಂದಾಗ ಏನಾಗುತ್ತದೆ ಎಂದು ಗುಮಾಸ್ತರಿಗೆ ಅರ್ಥವಾಗುವ ಹಾಗೆ ಅದರಲ್ಲಿ ಬರೆದಿದ್ದೆವು. ಮೂಲೆಗೆ ತೂತು ಹೊಡೆದು, ಗೋಣಿದಾರ ಪೋಣಿಸಿ, ಕೌಂಟರ್ ಪಕ್ಕದ ಮೊಳೆಗೆ ನೇತುಹಾಕಿದ್ದರು. ಮಂಡಿಗೆ ಬಂದವರು ಯಾರು ಬೇಕಾದರೂ ತಿರುವಿ ನೋಡಬಹುದಿತ್ತು.

ಭಾರತದಲ್ಲಿ ಬಹಿರಂಗವಾಗಿ ಗೊತ್ತಿತ್ತು ಅಥವಾ ಬಳಕೆಯಲ್ಲಿತ್ತು ಎಂಬ 25(1)(ಡಿ) ಆಧಾರಕ್ಕೆ ಈ ಕಾಗದಗಳು. ಲೋಕದಲ್ಲಿ ಎಲ್ಲೇ ಪ್ರಕಟವಾಗಿದ್ದರೂ ನಡೆಯುವ 25(1)(ಬಿ) ಬೇರೆ. ಆರ್‌ಎಫ್‌ಸಿಯಂಥವನ್ನು ಒಂದರಲ್ಲೇ ಎಲ್ಲ ತುಂಡುಗಳೂ ಸಿಕ್ಕಿದರೆ ಅದರಡಿ ಇಡಬಹುದು. ಕಾಗದ ಸಲ್ಲಿಸುವಾಗ ಕೆಲವು ಎಚ್ಚರಿಕೆಗಳಿವೆ. ಪೇಟೆಂಟ್ ಕಚೇರಿಯ ಭಾಷೆ ಹಿಂದಿ ಅಥವಾ ಇಂಗ್ಲಿಷ್. ಕನ್ನಡದ ಕೈಪಿಡಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಸಾಕ್ಷ್ಯ ಅಫಿಡವಿಟ್ ರೂಪದಲ್ಲಿರಬೇಕು; ಕೈಪಿಡಿಯನ್ನು ನೇತುಹಾಕಿದ್ದು ನಾನಲ್ಲ, ಗುಮಾಸ್ತರು, ಹಾಗಾಗಿ ಆ ಸಂಗತಿಯ ಅಫಿಡವಿಟ್ ಅವರದ್ದೇ ಆಯಿತು. ಇಮೇಲ್, ವೆಬ್ ಪುಟಗಳಿಗೆ ಆಗ ಎಲೆಕ್ಟ್ರಾನಿಕ್ ದಾಖಲೆಗಳಿಗೆ ಬೇಕಾದ, ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಹಚ್ಚಿದ್ದೆವು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಬಂದಿದೆ, ಪ್ರಮಾಣಪತ್ರದಲ್ಲಿ ತಜ್ಞರು ತುಂಬುವ ಭಾಗವೂ ಇದೆ. ನೀವು ಸಲ್ಲಿಸಿದ್ದೆಲ್ಲ ಲೋಕದ ಕಣ್ಣಿಗೆ ಬೀಳುತ್ತದೆ; ಪಟ್ಟಿಗಳ ಮೇಲಿದ್ದ ರೈತರ ಹೆಸರು, ಮೊಬೈಲ್ ಸಂಖ್ಯೆಗಳನ್ನು ಕಪ್ಪು ಮಸಿಯಲ್ಲಿ ಮುಚ್ಚಿಯೇ ಸ್ಕ್ಯಾನ್ ಮಾಡಿದೆವು.

3(ಕೆ) ಎಂಬ ಕಲಮು

‘ಗಣಿತದ ಅಥವಾ ವ್ಯವಹಾರದ ವಿಧಾನ, ಕಂಪ್ಯೂಟರ್ ಪ್ರೋಗ್ರಾಮ್ ತನ್ನಷ್ಟಕ್ಕೆ ತಾನೇ, ಅಲ್ಗಾರಿದಮ್’ ಇವು ಆವಿಷ್ಕಾರಗಳಲ್ಲ ಎನ್ನುತ್ತದೆ ಪೇಟೆಂಟ್ ಕಾಯ್ದೆಯ 3(ಕೆ). ಇದನ್ನು ಸಡಿಲಿಸಲು 2004ರ ಕೊನೆಯಲ್ಲಿ ಸುಗ್ರೀವಾಜ್ಞೆ ಬಂದಿತ್ತು. 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟಿತು. ತಕರಾರಿನಲ್ಲಿ ಇದು 25(1)(ಎಫ್) ಅಡಿ ಬರುತ್ತದೆ.

ನಮ್ಮವರು ಸೋಲುವುದು ಇದೊಂದನ್ನೇ ನೆಚ್ಚಿಕೊಂಡು. ‘ತನ್ನಷ್ಟಕ್ಕೆ ತಾನೇ’ ಎಂಬ ಆ ಮಾತಿನಲ್ಲಿ ಕಿಂಡಿ ಇದೆ. ತಂತ್ರಾಂಶದಿಂದ ತಾಂತ್ರಿಕ ಪರಿಣಾಮ ಹುಟ್ಟಿದರೆ ಅದಕ್ಕೆ ಪೇಟೆಂಟ್ ಸಿಗಬಹುದು ಎಂದು ದೆಹಲಿ ಹೈಕೋರ್ಟ್ 2019ರ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದ ಮೇಲೆ ಪ್ರತಿ ಅರ್ಜಿದಾರನೂ ಆ ಪದವನ್ನು ಮಂತ್ರದಂತೆ ಜಪಿಸುತ್ತಾನೆ. ಹೊಸ ಯಂತ್ರಾಂಶ ಇರಲೇಬೇಕೆಂಬ 2016ರ ಮಾರ್ಗಸೂಚಿಯ ಷರತ್ತು 2017ರಲ್ಲೇ ಹೋಯಿತು. ಹಾಗಾಗಿ ‘ಇದು ಬರೀ ಸಾಫ್ಟ್‌ವೇರ್’ ಎಂದು ಬರೆದರೆ ಕಂಟ್ರೋಲರ್ ಒಂದು ಸಾಲಿನಲ್ಲಿ ತಳ್ಳಿಹಾಕಬಹುದು. ಕ್ಲೇಮಿನಲ್ಲಿ ಹೇಳಿದ ಪರಿಣಾಮ ಯಾವುದು, ಅದು ಯಂತ್ರದ ಕೆಲಸವನ್ನು ಸುಧಾರಿಸುತ್ತದೆಯೇ ಅಥವಾ ವ್ಯಾಪಾರದ ಲೆಕ್ಕವನ್ನು ಮಾತ್ರವೇ ಎಂದು ತುಂಡು ತುಂಡಾಗಿ ಬಿಡಿಸಿ.

ವ್ಯವಹಾರದ ವಿಧಾನದ ಕಥೆ ಬೇರೆ. ಅಲ್ಲಿ ‘ತನ್ನಷ್ಟಕ್ಕೆ ತಾನೇ’ ಎಂಬ ಮಾತಿಲ್ಲ, ತಡೆ ಬಿಗಿಯಾಗಿದೆ. ಹುಡುಕಾಟದ ಫಲಿತಾಂಶದಲ್ಲಿ ಜಾಗಕ್ಕೆ ದುಡ್ಡು ಕಟ್ಟುವ ವ್ಯವಸ್ಥೆಯ ಯಾಹೂ ಅರ್ಜಿಗೆ ರೆಡಿಫ್ ತಕರಾರು ಹಾಕಿತ್ತು. ಅದು ವ್ಯವಹಾರದ ವಿಧಾನವೇ ಎಂಬ ತೀರ್ಮಾನವನ್ನು ಆಗಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2011ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. ನಮ್ಮ ಪ್ರಕರಣದಲ್ಲಿ ನಾಲ್ಕನೆಯ ತುಂಡಿನ ಮೇಲೆ, ಅಂದರೆ ರೈತನಿಗೆ ಲೆಕ್ಕ ಕಳಿಸುವುದರ ಮೇಲೆ, ಈ ವಾದವನ್ನು ಇಟ್ಟೆವು.

ಸಲ್ಲಿಸುವುದು, ಆಮೇಲೆ

ನಮೂನೆ 7ಎ. ಒಂದೇ ಪುಟ, ಅದರ ಹಿಂದೆ ನಿಮ್ಮ ಹೇಳಿಕೆ, ತುಂಡುಗಳ ಪಟ್ಟಿ, ಸಾಕ್ಷ್ಯ. ವಿಚಾರಣೆ ಬೇಕಿದ್ದರೆ ಈಗಲೇ ಕೇಳಬೇಕು, ಕೇಳದೆ ಬಿಡಬೇಡಿ. ಅರ್ಜಿದಾರನಿಗೂ ಒಂದು ಪ್ರತಿ ಕಳಿಸಬೇಕು. ನಾವು ಸಲ್ಲಿಸಿದಾಗ ಶುಲ್ಕವಿರಲಿಲ್ಲ. 2024ರ ಮಾರ್ಚ್‌ನ ತಿದ್ದುಪಡಿ ನಿಯಮಗಳ ನಂತರ ಶುಲ್ಕವಿದೆ, ವ್ಯಕ್ತಿಗಳಿಗೂ ಸಣ್ಣ ಘಟಕಗಳಿಗೂ ಕಡಿಮೆ. ಸಲ್ಲಿಸುವ ದಿನದ ದರವನ್ನು ನಿಯಮಗಳ ಮೊದಲ ಅನುಸೂಚಿಯಲ್ಲಿ ನೋಡಿ. ಅದೇ ತಿದ್ದುಪಡಿಯಿಂದ ಇನ್ನೊಂದು ಬದಲಾವಣೆಯಾಗಿದೆ: ತಕರಾರಿನಲ್ಲಿ ಮೇಲ್ನೋಟಕ್ಕೆ ಹುರುಳಿದೆಯೇ ಎಂದು ಕಂಟ್ರೋಲರ್ ಮೊದಲು ತೂಗುತ್ತಾರೆ, ಇದ್ದರೆ ಮಾತ್ರ ಅರ್ಜಿದಾರನಿಗೆ ನೋಟಿಸ್. ಅವನಿಗೆ ಉತ್ತರ ಕೊಡಲು ಮೊದಲು ಮೂರು ತಿಂಗಳಿತ್ತು, ಈಗ ಎರಡು. ಬೇನಾಮಿ ಹೆಸರಲ್ಲಿ ಸುಮ್ಮನೆ ಎಳೆದಾಡುವವರಿಗಾಗಿ ಮಾಡಿದ ನಿಯಮವಿದು. ಆದರೆ ‘ಸಾಕ್ಷ್ಯ ಆಮೇಲೆ ಕೊಡುತ್ತೇನೆ’ ಎನ್ನುವ ನಮ್ಮಂಥವರಿಗೂ ಪೆಟ್ಟು. ಮೊದಲ ದಿನವೇ ಎಲ್ಲ ಕಾಗದ ಜೊತೆಗಿರಲಿ.

ಅರ್ಜಿಯ ಪರೀಕ್ಷೆ ಬೇರೆ, ತಕರಾರಿನ ವಿಚಾರಣೆ ಬೇರೆ. ಪರೀಕ್ಷೆಯ ಪ್ರಕ್ರಿಯೆಯಲ್ಲಿ ಭಾಗವಹಿಸುವ ಹಕ್ಕು ತಕರಾರುದಾರನಿಗಿಲ್ಲ ಎಂದು 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ನೋವಾರ್ಟಿಸ್ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಅರ್ಜಿದಾರ ಕ್ಲೇಮು ತಿದ್ದಿದರೆ ನಿಮ್ಮ ಮನೆಗೆ ಬಂದು ಹೇಳುವವರಿಲ್ಲ. ಕಡತವನ್ನು ನೀವೇ ತೆರೆದು ನೋಡುತ್ತಿರಬೇಕು. ನಾನು ವಾರಕ್ಕೊಮ್ಮೆ ನೋಡುತ್ತಿದ್ದೆ.

ನಮ್ಮ ವಿಚಾರಣೆ ವಿಡಿಯೋದಲ್ಲಿ ನಡೆಯಿತು, ಆಗಸ್ಟ್ ತಿಂಗಳ ಮಳೆಯ ದಿನ. ಯುಪಿಎಸ್ ಎರಡು ಇಟ್ಟುಕೊಂಡಿದ್ದೆ, ಮೊಬೈಲ್ ಹಾಟ್‌ಸ್ಪಾಟ್ ಬೇರೆ. ಎದುರು ವಕೀಲರು ಅರ್ಧ ಗಂಟೆ ತಾಂತ್ರಿಕ ಪರಿಣಾಮದ ಬಗ್ಗೆ ಮಾತಾಡಿದರು. ಕಂಟ್ರೋಲರ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಕೈಪಿಡಿ ಕೊಟ್ಟವರ ಜೊತೆ ಗೋಪ್ಯತೆಯ ಒಪ್ಪಂದ ಇತ್ತೇ? ಇರಲಿಲ್ಲ ಎಂದೆ, ಸ್ಕ್ಯಾನಿನಲ್ಲಿ ಮೂಲೆಯ ತೂತನ್ನು ತೋರಿಸಿದೆ, ಗುಮಾಸ್ತರ ಅಫಿಡವಿಟ್ಟಿನ ನಾಲ್ಕನೆಯ ಪ್ಯಾರಾ ನೋಡಿ ಎಂದೆ. ನಿಮ್ಮ ಪ್ರಕರಣದಲ್ಲೂ ಇಂಥ ಒಂದು ಪ್ರಶ್ನೆ ಇರುತ್ತದೆ. ಹಿಂದಿನ ರಾತ್ರಿ ಎದುರಾಳಿಯ ಕುರ್ಚಿಯಲ್ಲಿ ಕೂತು ಅದು ಯಾವುದೆಂದು ಯೋಚಿಸಿ.

ಅವರ ಅರ್ಜಿ ಪೂರ್ತಿ ಬೀಳಲಿಲ್ಲ. ಮೊದಲ ಕ್ಲೇಮನ್ನು ಅವರೇ ಕಿರಿದುಮಾಡಿಕೊಂಡರು: ಎಲೆಕ್ಟ್ರಾನಿಕ್ ತಕ್ಕಡಿಯಿಂದ ಬರುವ ತೂಕವನ್ನು ಒಂದು ನಿರ್ದಿಷ್ಟ ಬಗೆಯಲ್ಲಿ ಗೂಢಲಿಪಿಗೆ ಹಾಕಿ ಕಳಿಸುವುದಕ್ಕಷ್ಟೇ ಅದು ಉಳಿಯಿತು. ನಮ್ಮ ಮಂಡಿಗಳಲ್ಲಿ ತೂಕವನ್ನು ಈಗಲೂ ಗುಮಾಸ್ತರೇ ನೋಡಿ ಬರೆಯುತ್ತಾರೆ, ಹಾಗಾಗಿ ಆ ಬೇಲಿ ನಮ್ಮ ತೋಟಕ್ಕೆ ತಾಗುವುದಿಲ್ಲ. ಏಜೆಂಟರಿಗೆ ಫೋನ್ ಮಾಡಿ ಖುಷಿ ಹಂಚಿಕೊಂಡೆ. ಅವರು, “ವಿಭಜಿತ ಅರ್ಜಿ ಹಾಕಿದ್ದಾರಾ ನೋಡಿದಿರಾ?” ಎಂದರು. ಮೂಲ ಅರ್ಜಿ ಮಂಜೂರಾಗುವ ಮೊದಲು, 16ನೇ ಕಲಮಿನಡಿ, ಅದರ ಒಂದು ಭಾಗವನ್ನು ಬೇರೆ ಅರ್ಜಿಯಾಗಿ ಹಾಕಬಹುದು. ಕೈಬಿಟ್ಟ ಕ್ಲೇಮು ಆ ಹಿತ್ತಲ ಬಾಗಿಲಿನಿಂದ ಮರಳಲು ಪ್ರಯತ್ನಿಸಬಹುದು. ಅರ್ಜಿಗಳನ್ನು ಪ್ರಕಟಿಸುವ ಪೇಟೆಂಟ್ ಜರ್ನಲ್ ಪ್ರತಿ ಶುಕ್ರವಾರ ಬರುತ್ತದೆ. ಶುಕ್ರವಾರ ಸಂಜೆ ಅಂಗಡಿ ಮುಚ್ಚುವ ಮೊದಲು ಆ ಕಂಪನಿಯ ಹೆಸರು ಹಾಕಿ ಒಮ್ಮೆ ಹುಡುಕುವುದನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇನೆ. ಕೈಪಿಡಿ ಈಗ ನಮ್ಮ ಬೀರುವಿನಲ್ಲಿದೆ, ಗೋಣಿದಾರದ ಸಮೇತ.